ಮೊದಲ ಸ್ಥಾನ ಸಿಕ್ಕಿದ್ದು ನಮ್ಮದೇ ಹೆಸರಿಗೆ!

ಮಾನ್ಯ ಸಂಪಾದಕರೇ,

ನಾನು ಸಾಗರದ ಹತ್ತಿರದ ಹಳ್ಳಿಯವಳು. ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತೇನೆ. ತಂಗಿಯ ಮಗ ಒಂದು ಪುಟ್ಟ ವೆಬ್‌ಸೈಟ್ ಮಾಡಿಕೊಟ್ಟಿದ್ದ. ಕಳೆದ ವರ್ಷ ಮಿಡಿಗಾಲದಲ್ಲಿ, ಕೈಗೆಲ್ಲ ಸೊನೆ ಮೆತ್ತಿಕೊಂಡು ಕೂತಿದ್ದಾಗ ಫೋನ್ ಬಂತು. ‘ಮೇಡಂ, ನಿಮ್ಮ ಸೈಟು ಯಾರಿಗೂ ಕಾಣಿಸ್ತಿಲ್ಲ. ನಮಗೆ ಗೂಗಲ್ ಒಳಗೇ ಜನ ಇದ್ದಾರೆ. 30 ದಿನದಲ್ಲಿ ಫಸ್ಟ್ ಪ್ಲೇಸ್, ಗ್ಯಾರಂಟಿ.’ 18,000 ರೂಪಾಯಿ ಕೊಟ್ಟೆ. ಆಮೇಲೆ ತಿಂಗಳಿಗೆ 4,000.

ತಿಂಗಳಾದ ಮೇಲೆ ಫೋನ್ ಮಾಡಿದ್ದ ಹುಡುಗ ಮನೆಗೇ ಬಂದು, ತನ್ನ ಮೊಬೈಲ್‌ನಲ್ಲಿ ಹುಡುಕಿ ತೋರಿಸಿದ. ನಾವೇ ಮೊದಲು! ನಮ್ಮ ಯಜಮಾನರು ಖುಷಿಯಲ್ಲಿ ಕಾಫಿ ಜೊತೆ ಒಂದು ಬಾಟಲಿ ಜೀರಿಗೆ ಮಿಡಿಯನ್ನೂ ಕೊಟ್ಟು ಕಳಿಸಿದರು. ಅವನು ಟೈಪ್ ಮಾಡಿದ್ದೇನು ಅಂತ ಇಬ್ಬರೂ ಸರಿಯಾಗಿ ನೋಡಲಿಲ್ಲ. ನಮ್ಮ ಮನೆತನದ ಹೆಸರು, ಊರಿನ ಹೆಸರು, ಕೊನೆಗೆ ಅಪ್ಪೆಮಿಡಿ. ಹಾಗೆ ಹುಡುಕಿದರೆ ನಾವಲ್ಲದೆ ಇನ್ಯಾರು ಬರಬೇಕು? ನಮ್ಮ ಹೆಸರು ಗೊತ್ತಿದ್ದವರು ನೇರ ಫೋನೇ ಮಾಡುತ್ತಾರೆ. ಗೊತ್ತಿಲ್ಲದವರು ಸುಮ್ನೆ ‘ಅಪ್ಪೆಮಿಡಿ ಉಪ್ಪಿನಕಾಯಿ’ ಅಂತ ಹುಡುಕುತ್ತಾರೆ, ಅಲ್ವಾ? ಹಾಗೆ ಹುಡುಕಿದರೆ ನಾವು ಎಲ್ಲೂ ಇರಲಿಲ್ಲ.

ಇದೆಲ್ಲ ಗೊತ್ತಾಗಿದ್ದು ದೀಪಾವಳಿಗೆ ತಂಗಿಯ ಮಗ ಬಂದಾಗ. ನಮ್ಮ ಸೈಟಿನ ಕೆಳಗೆ ಒಂದಷ್ಟು ಬಿಳಿ ಜಾಗ ಖಾಲಿ ಬಿದ್ದಿತ್ತು. ಅವನು ಅದರ ಮೇಲೆ ಮೌಸ್ ಒತ್ತಿ ಎಳೆದ. ನೀಲಿ ಪಟ್ಟಿಯೊಳಗೆ ಅಕ್ಷರಗಳು ಸಾಲುಸಾಲಾಗಿ ಎದ್ದು ಬಂದವು! ಉಪ್ಪಿನಕಾಯಿ ಬೆಂಗಳೂರು, ಉಪ್ಪಿನಕಾಯಿ ಮುಂಬೈ, ಉಪ್ಪಿನಕಾಯಿ ಪುಣೆ... ನಾನು ಕಣ್ಣಲ್ಲೂ ಕಾಣದ ಊರುಗಳೆಲ್ಲ ಇದ್ದವು. ಬಿಳಿ ಮೇಲೆ ಬಿಳಿ ಅಕ್ಷರ, ಜನರ ಕಣ್ಣಿಗೆ ಕಾಣದೆ ಗೂಗಲ್ ಮಾತ್ರ ಓದಲಿ ಅಂತ. ಹೀಗೆ ಬಚ್ಚಿಟ್ಟು ಬರೆಯುವುದು ಗೂಗಲ್ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಸೈಟನ್ನು ಹುಡುಕಾಟದಿಂದಲೇ ತೆಗೆದುಹಾಕಬಹುದಂತೆ. ಜನರಿಗೊಂದು, ಗೂಗಲ್‌ಗೊಂದು ಪುಟ ತೋರಿಸಿದ್ದಕ್ಕೆ 2006ರಲ್ಲಿ ಬಿಎಂಡಬ್ಲ್ಯೂ ಕಾರಿನವರ ಜರ್ಮನಿಯ ಸೈಟನ್ನೇ ತೆಗೆದಿದ್ದರು. ಇನ್ನು ನಮ್ಮ ಭರಣಿ ಯಾವ ಲೆಕ್ಕ!

ಬಿಲ್ಲಿನಲ್ಲಿ ‘ಮೆಟಾ ಕೀವರ್ಡ್ 200’ ಅಂತಲೂ ಹಣ ಹಾಕಿದ್ದರು. ಅಂದರೆ, ಪುಟದ ಕೋಡ್ ಒಳಗೆ ಸೇರಿಸುವ ಹುಡುಕಾಟದ ಪದಗಳ ಪಟ್ಟಿ. ಅದನ್ನು ರ್‍ಯಾಂಕಿಗೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲೇ ಬಹಿರಂಗವಾಗಿ ಹೇಳಿದೆ. ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲು ಸಾಧ್ಯವಿಲ್ಲ, ಗೂಗಲ್ ಜೊತೆ ವಿಶೇಷ ಸಂಬಂಧ ಇದೆ ಅನ್ನುವವರ ಬಗ್ಗೆ ಹುಷಾರು ಅಂತಲೂ ಅವರ ಸಹಾಯ ಪುಟದಲ್ಲೇ ಬರೆದಿದೆ. ನಾನು ಅದನ್ನು ಓದಿದ್ದು ದುಡ್ಡು ಕೊಟ್ಟು ಎಂಟು ತಿಂಗಳಾದ ಮೇಲೆ.

ಸೈಟನ್ನು ಹುಡುಕಾಟದಲ್ಲಿ ಮೇಲೆ ತರುವ ಈ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುವವರೂ ಇದ್ದಾರೆ. ತಂಗಿಯ ಮಗನ ಗೆಳೆಯನೊಬ್ಬ ಬಂದು ನೋಡಿ, ‘ಆರು ತಿಂಗಳಾದರೂ ಬೇಕು ಆಂಟಿ, ಎಷ್ಟನೇ ಸ್ಥಾನ ಅಂತ ಹೇಳೋಕಾಗಲ್ಲ’ ಅಂದ. ಮಿಡಿ ಕೊಯ್ಯುವುದು, ಉಪ್ಪಿನಲ್ಲಿ ಹಾಕುವುದು ಇದನ್ನೆಲ್ಲ ನನ್ನ ಮಾತಲ್ಲೇ ಬರೆಯಲು ಹೇಳಿದ. ಎಷ್ಟು ಜನ, ಏನೆಂದು ಹುಡುಕಿ ಬಂದರು ಅನ್ನುವುದನ್ನು ನಾನೇ ನೋಡಿಕೊಳ್ಳಲಿ ಅಂತ ಗೂಗಲ್‌ನದೇ ಆದ ಸರ್ಚ್ ಕನ್ಸೋಲ್ ಹಾಕಿಕೊಟ್ಟ. ಅದು ಪುಕ್ಕಟೆ. ಮೊದಲಿನವನು ಅದರ ಹೆಸರನ್ನೇ ಎತ್ತಿರಲಿಲ್ಲ, ಬಣ್ಣಬಣ್ಣದ ಗ್ರಾಫ್ ಮಾತ್ರ ಕಳಿಸುತ್ತಿದ್ದ.

ಪತ್ರಿಕೆಗಳ ಸಣ್ಣ ಜಾಹೀರಾತುಗಳಲ್ಲೂ ‘ಗೂಗಲ್ ಫಸ್ಟ್ ಪೇಜ್ ಗ್ಯಾರಂಟಿ’ ಎಂಬ ಸಾಲು ಕಣ್ಣಿಗೆ ಬೀಳುತ್ತಿದೆ. ಕೊನೆಪಕ್ಷ ಆ ಗ್ಯಾರಂಟಿ ಪದವನ್ನಾದರೂ ತಾವು ಅಚ್ಚು ಹಾಕಬಾರದು ಎಂದು ನನ್ನ ವಿನಂತಿ.

ನಮ್ಮ ಗೋಳು ಇನ್ನೂ ಮುಗಿದಿಲ್ಲ. ‘ಸೆಟ್ಟಿಂಗ್ ಸರಿ ಮಾಡ್ತೀನಿ’ ಅಂತ ಪಾಸ್‌ವರ್ಡ್ ಇಸಿದುಕೊಂಡಿದ್ದ ಆ ಮೊದಲಿನವನು ಡೊಮೈನನ್ನು, ಅಂದರೆ ಸೈಟಿನ ವಿಳಾಸವನ್ನು, ತನ್ನ ಹೆಸರಿಗೆ ಮಾಡಿಕೊಂಡಿದ್ದಾನೆ. ಮುಂದಿನ ತಿಂಗಳು ಅದರ ನವೀಕರಣ. ಫೋನ್ ಮಾಡಿದರೆ ರಿಂಗ್ ಆಗುತ್ತದೆ, ಎತ್ತುವುದಿಲ್ಲ.

– ಉಪ್ಪಿನಕಾಯಿ ಮಾರುವ ಓದುಗಿ, ಸಾಗರ ತಾಲ್ಲೂಕು