ಶನಿವಾರದ ಸ್ನೋಮೊಬೈಲ್ ಸವಾರಿ: ದಯವಿಟ್ಟು ಪೂರ್ತಿ ಓದಿ

ಎಲ್ಲರಿಗೂ ನಮಸ್ಕಾರ. ಶನಿವಾರ ಕ್ಯಾಲ್ಗರಿಯಿಂದ ರೆವೆಲ್‌ಸ್ಟೋಕ್‌ನ ಬೋಲ್ಡರ್ ಬೆಟ್ಟಕ್ಕೆ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಗಾಡಿ) ಸವಾರಿಗೆ ಬರುವವರಿಗೆ ಈ ಸೂಚನೆ.

ಶುಕ್ರವಾರ ಸಂಜೆ ಅವಲಾಂಚ್ ಕೆನಡಾ ಸಂಸ್ಥೆಯ ಹಿಮಕುಸಿತದ ಮುನ್ಸೂಚನೆ ನೋಡಿ. ಅಪಾಯದ ಮಟ್ಟ 5ರಲ್ಲಿ 3 ಅಥವಾ ಹೆಚ್ಚಿದ್ದರೆ ಕಡಿದಾದ ಇಳಿಜಾರಿನ ತಂಟೆಗೇ ಹೋಗುವುದಿಲ್ಲ. ಅಂಕಿಯೊಂದೇ ಸಾಲದು, ಯಾವ ಎತ್ತರದಲ್ಲಿ, ಯಾವ ದಿಕ್ಕಿನ ಇಳಿಜಾರಿನಲ್ಲಿ ತೊಂದರೆ ಎಂಬುದನ್ನೂ ಓದಿಕೊಳ್ಳಿ.

ಮೇಲೆ ಹೋದಾಗ ಕಾಲಡಿಯ ಹಿಮ ಧುಪ್ಪೆಂದು ಕುಸಿದರೆ, ಗಾಡಿಯ ಮುಂದೆ ಬಿರುಕು ಓಡಿದರೆ, ಅಕ್ಕಪಕ್ಕ ಹೊಸ ಹಿಮಕುಸಿತ ಕಂಡರೆ ಅಲ್ಲಿಂದಲೇ ವಾಪಸ್. ಇದರಲ್ಲಿ ಚರ್ಚೆ ಬೇಡ. 30 ಡಿಗ್ರಿಗಿಂತ ಕಡಿದಾದ ಕಡೆ ಒಬ್ಬೊಬ್ಬರೇ ಹತ್ತಬೇಕು, ಉಳಿದವರು ಅದರ ಬುಡದಲ್ಲಿ ನಿಲ್ಲಲೇಬಾರದು. ಇದೇ ಬೆಟ್ಟದಲ್ಲಿ 2010ರ ಮಾರ್ಚ್ 13ರಂದು, ಕೆಳಗೆ ಸೇರಿ ನೋಡುತ್ತಿದ್ದ ಜನರ ಮೇಲೇ ಹಿಮ ಕುಸಿದು ಇಬ್ಬರು ತೀರಿಕೊಂಡರು.

ಟ್ರಾನ್ಸೀವರ್ (ಹಿಮದಡಿ ಹೂತವರನ್ನು ಹುಡುಕಲು ಸಿಗ್ನಲ್ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದದ ಕೋಲು), ಸಲಿಕೆ ಮೂರೂ ಪ್ರತಿಯೊಬ್ಬರ ಮೈಮೇಲಿರಲಿ. ಗಾಡಿಗೆ ಕಟ್ಟಿದರೆ ಹಿಮ ಗಾಡಿಯ ಜೊತೆ ಅದನ್ನೂ ಒಯ್ಯುತ್ತದೆ. ಫೋನನ್ನು ಟ್ರಾನ್ಸೀವರ್‌ನಿಂದ ದೂರದ ಜೇಬಿನಲ್ಲಿಡಿ. ಬೆಳಿಗ್ಗೆ 8ಕ್ಕೆ ಪಾರ್ಕಿಂಗ್‌ನಲ್ಲಿ ಎಲ್ಲರ ಟ್ರಾನ್ಸೀವರನ್ನೂ ಪರೀಕ್ಷಿಸಿಯೇ ಹೊರಡೋಣ.

ಬರುವವರು ಬುಧವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಟ್ರಾನ್ಸೀವರ್ ಇಲ್ಲದವರು ಅದನ್ನೂ ಬರೆಯಿರಿ, ಬಾಡಿಗೆಗೆ ಕೊಡಿಸುತ್ತೇನೆ.