ಓಬವ್ವನ ಒನಕೆ ಕತ್ತರಿಸಿದ್ದರ ಬಗ್ಗೆ ದೂರು

ಇವರಿಗೆ,
ದೂರು ನಿವಾರಣಾಧಿಕಾರಿಗಳು,
ಆನ್‌ಲೈನ್ ಚಲನಚಿತ್ರ ಸೇವೆ

ಇವರಿಂದ,
ವಾರ್ಷಿಕ ಚಂದಾದಾರ, ದಾವಣಗೆರೆ

ವಿಷಯ: ‘ಅಭಿನಯ ಶಾರದೆ ಜಯಂತಿ’ ಸಂಗ್ರಹದಲ್ಲಿನ ತಪ್ಪು ಮಾಹಿತಿ, ಕತ್ತರಿಸಿದ ಚಿತ್ರಗಳು ಹಾಗೂ ನಿಮ್ಮ ಸಹಾಯವಾಣಿಯ ಉತ್ತರಗಳು.

ಮಾನ್ಯರೆ,

ಮೂರು ಕರೆ, ಎರಡು ಇ–ಮೇಲ್ ಆದಮೇಲೆ ಈ ಪತ್ರ. ಸಂಯಮದಿಂದ ಬರೆಯಬೇಕೆಂದು ಕೂತಿದ್ದೇನೆ, ಎಲ್ಲಿಯವರೆಗೆ ಉಳಿಯುತ್ತದೋ ನೋಡೋಣ.

ನಟಿ ಜಯಂತಿಯವರ ಚಿತ್ರಗಳ ಸಂಗ್ರಹ ‘ಮೂಲ ರೂಪದಲ್ಲಿ, ಉನ್ನತ ಗುಣಮಟ್ಟದಲ್ಲಿ’ ಸಿಗುತ್ತದೆ ಎಂದು ನೀವು ಜಾಹೀರಾತು ಕೊಟ್ಟಿರಿ. ಅದನ್ನು ನಂಬಿ 899 ರೂಪಾಯಿ ಕಟ್ಟಿದ್ದಾಯಿತು. ಮೂಲ ರೂಪ ಎಂದರೆ ಏನೆಂದು ನಿಮಗೆ ಗೊತ್ತಿರುತ್ತದೆ ಎಂದುಕೊಂಡಿದ್ದೆ.

ಮೊದಲು ‘ಮಿಸ್ ಲೀಲಾವತಿ’. 1965ರ ಚಿತ್ರ, ನಿರ್ದೇಶನ ಎಂ. ಆರ್. ವಿಠ್ಠಲ್, ನಾಯಕಿ ಜಯಂತಿ. 1963ರಲ್ಲಿ ವೈ. ಆರ್. ಸ್ವಾಮಿಯವರ ‘ಜೇನುಗೂಡು’ ಮೂಲಕ ಕನ್ನಡಕ್ಕೆ ಬಂದ ಬಳ್ಳಾರಿಯ ಕಮಲಾಕುಮಾರಿಗೆ ‘ಬೋಲ್ಡ್’ ನಟಿ ಎಂಬ ಹೆಸರು ತಂದುಕೊಟ್ಟದ್ದೇ ಇದು. ಆ ಕಾಲದ ನಾಯಕಿಯರು ಸೆರಗು ಸರಿಯದಂತೆ ನಟಿಸುತ್ತಿದ್ದಾಗ ಈಜುಡುಗೆಯಲ್ಲಿ ಕ್ಯಾಮೆರಾ ಎದುರು ನಿಂತ ಪಾತ್ರ ಅದು. ಆಕೆಯ ವೃತ್ತಿಬದುಕಿನ ತಿರುವು ಯಾವುದು ಎಂದು ಕೇಳಿದರೆ ಹಳೆಯ ಪ್ರೇಕ್ಷಕರು ಮೊದಲು ಹೇಳುವ ಹೆಸರು. ನಿಮ್ಮ ಸಂಗ್ರಹದಲ್ಲಿ ಈ ಚಿತ್ರವೇ ಇಲ್ಲ. ಹುಡುಕಿದರೆ ಹಿರಿಯ ನಟಿ ಲೀಲಾವತಿಯವರ ಪುಟದಲ್ಲಿದೆ, ‘ಲೀಲಾವತಿ ಶೀರ್ಷಿಕೆ ಪಾತ್ರದಲ್ಲಿ’ ಎಂಬ ಒಕ್ಕಣೆಯೊಂದಿಗೆ. ಲೀಲಾವತಿಯವರೂ ದೊಡ್ಡ ಕಲಾವಿದೆ. ಇನ್ನೊಬ್ಬರ ಚಿತ್ರವನ್ನು ಕಿತ್ತು ಕೊಟ್ಟು ಅವರನ್ನು ದೊಡ್ಡವರು ಮಾಡುವ ಅಗತ್ಯವೇನೂ ಇಲ್ಲ.

ಎರಡನೆಯದು ‘ನಾಗರಹಾವು’. ನಿಮ್ಮ ಪರಿಚಯ ಸಾಲಿನಲ್ಲಿ ಇದು ‘ಸೇಡಿನ ಸರ್ಪದ ಪೌರಾಣಿಕ ಕಥೆ’. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಬೆಸೆದು ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆಗೆದ ಈ ಚಿತ್ರದಲ್ಲಿ ಬುಸುಗುಟ್ಟುವುದು ರಾಮಾಚಾರಿ ಎಂಬ ಹುಡುಗನ ಸಿಟ್ಟು. ಚಿತ್ರದುರ್ಗದ ಕಲ್ಲುಬಂಡೆಗಳ ಮೇಲೆ ನಡೆಯುವ ಕಥೆ, ನಾಗಲೋಕದಲ್ಲಲ್ಲ. ಇರಲಿ, ಇದನ್ನು ಅಳಿಸಿ ಬರೆಯಲು ಒಂದು ನಿಮಿಷ ಸಾಕು. ನನ್ನ ತಕರಾರು ಚೌಕಟ್ಟಿನದ್ದು.

ಅಂದಿನ 35 ಎಂಎಂ ಚಿತ್ರದ ಚೌಕಟ್ಟು ಹೆಚ್ಚುಕಮ್ಮಿ ಚೌಕ: ಎತ್ತರ 1 ಆದರೆ ಅಗಲ 1.37. ಈಗಿನ ಟಿವಿ ಪರದೆಯ ಅಗಲ 1.78. ಹಳೆಯ ಚಿತ್ರವನ್ನು ಪೂರ್ತಿ ತೋರಿಸಬೇಕಾದರೆ 1920x1080ರ ಪರದೆಯಲ್ಲಿ ಚಿತ್ರ 1480 ಪಿಕ್ಸೆಲ್ ಅಗಲ ಕೂರುತ್ತದೆ, ಎಡಬಲಕ್ಕೆ 220ರಂತೆ ಕಪ್ಪು ಪಟ್ಟಿ ಉಳಿಯುತ್ತದೆ. ಅದು ದೋಷವಲ್ಲ, ಅದೇ ಸರಿಯಾದ ಕ್ರಮ. ನಿಮ್ಮವರಿಗೆ ಕಪ್ಪು ಪಟ್ಟಿ ಕಂಡರೆ ಆಗುವುದಿಲ್ಲವೆಂದು ತೋರುತ್ತದೆ. ಚಿತ್ರವನ್ನು ಅಗಲಕ್ಕೆ ತುಂಬುವ ಹಾಗೆ ಹಿಗ್ಗಿಸಿದ್ದಾರೆ. ಆಗ ಎತ್ತರ 1401 ಆಗುತ್ತದೆ, ಪರದೆಯಲ್ಲಿ ಜಾಗವಿರುವುದು 1080ಕ್ಕೆ. ಉಳಿದ 321 ಗೆರೆ, ಅಂದರೆ ಚಿತ್ರದ ಶೇ 23 ಭಾಗ, ಮೇಲೂ ಕೆಳಗೂ ಕತ್ತರಿಗೆ ಹೋಗಿದೆ.

ಇದರ ಪರಿಣಾಮ ‘ಕನ್ನಡ ನಾಡಿನ ವೀರ ರಮಣಿಯ’ ಹಾಡಿನಲ್ಲಿ ನೋಡಬೇಕು. ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದಾರೆ, ಕಿಂಡಿಯಲ್ಲಿ ಶತ್ರುವಿನ ತಲೆ ಕಾಣುತ್ತದೆ, ಓಬವ್ವನಾಗಿ ಜಯಂತಿ ಎರಡೂ ಕೈ ಮೇಲೆತ್ತುತ್ತಾರೆ. ಅಲ್ಲಿಗೆ ಮುಗಿಯಿತು. ಒನಕೆ ನಿಮ್ಮ ಪರದೆಯ ಆಚೆಗಿದೆ. ಕೆಳಗೆ ಬೀಳುವ ಹೊಡೆತವೂ ಅರ್ಧ ಕತ್ತರಿಸಿದೆ. ಕಿಂಡಿಯ ಮುಂದೆ ಒಬ್ಬ ಹೆಂಗಸು ಸುಮ್ಮನೆ ಕೈ ಎತ್ತಿ ಇಳಿಸುತ್ತಿರುವಂತೆ, ವ್ಯಾಯಾಮದ ತರಗತಿಯಂತೆ ಕಾಣುತ್ತದೆ. ಇಡೀ ಚಿತ್ರದಲ್ಲಿ ಜಯಂತಿ ಇರುವುದು ಆ ಒಂದು ಪ್ರಸಂಗದಲ್ಲಿ. ಮುಕ್ಕಾಲು ಪಾಲು ಜನಕ್ಕೆ ಓಬವ್ವ ಎಂದರೆ ಕಣ್ಮುಂದೆ ಬರುವುದು ಆ ಮುಖ, ಆ ಒನಕೆ. ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಒನಕೆ ಇಲ್ಲದ ಓಬವ್ವನನ್ನು ಈ ಕಡೆಯವರಿಗೆ ಮಾರಲು ಬರುವುದಕ್ಕೆ ಧೈರ್ಯ ಬೇಕು.

‘ಚಂದವಳ್ಳಿಯ ತೋಟ’ಕ್ಕೆ ಇದರ ಉಲ್ಟಾ ಚಿಕಿತ್ಸೆ. ಕತ್ತರಿಸಿಲ್ಲ, ಅಡ್ಡಡ್ಡ ಎಳೆದಿದ್ದಾರೆ. 1.37 ಇದ್ದದ್ದನ್ನು 1.78 ಮಾಡಿದರೆ ಪ್ರತಿ ಮುಖವೂ ಶೇ 30 ಅಗಲವಾಗುತ್ತದೆ. ಪರೀಕ್ಷೆ ಸುಲಭ: ಗುಂಡಗಿರುವ ಯಾವುದನ್ನಾದರೂ ನೋಡಿ, ಹಣೆಯ ಕುಂಕುಮ, ಊಟದ ತಟ್ಟೆ, ಗಾಡಿಯ ಚಕ್ರ. ಮೊಟ್ಟೆಯ ಆಕಾರ ಬಂದಿದ್ದರೆ ಎಳೆದಿದ್ದಾರೆ ಎಂದೇ ಅರ್ಥ. 1964ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದ ಈ ಚಿತ್ರವೂ ತ.ರಾ.ಸು. ಕಾದಂಬರಿಯದು. ‘ಚಕ್ರತೀರ್ಥ’ (1967), ‘ನಾಗರಹಾವು’, ‘ಮಸಣದ ಹೂವು’ (1985) ಕೂಡ ಅವರವೇ. ಮಲೇಬೆನ್ನೂರಿನಲ್ಲಿ ಹುಟ್ಟಿದ ಒಬ್ಬ ಕಾದಂಬರಿಕಾರನ ನಾಲ್ಕು ಕಥೆಗಳಲ್ಲಿ ಒಬ್ಬಳೇ ನಟಿ, ಇಪ್ಪತ್ತು ವರ್ಷಗಳ ಅಂತರದಲ್ಲಿ. ಸಂಗ್ರಹ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ದಾರ ಬೇಕೆ? ನಿಮ್ಮಲ್ಲಿ ತ.ರಾ.ಸು. ಹೆಸರು ಒಂದೇ ಒಂದು ಕಡೆ ಇದೆ, ಅದೂ ‘ತಾರಾಸು’ ಎಂದು, ನಟರ ಪಟ್ಟಿಯಲ್ಲಿ.

‘ಎಡಕಲ್ಲು ಗುಡ್ಡದ ಮೇಲೆ’ (1973) ಚಿತ್ರದ ತೊಂದರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಫಿಲ್ಮ್ ಓಡುವುದು ಸೆಕೆಂಡಿಗೆ 24 ಫ್ರೇಮು. ಹಳೆಯ ಟಿವಿ, ಡಿವಿಡಿ ಕಾಲದಲ್ಲಿ ಅದನ್ನು 25ಕ್ಕೆ ಓಡಿಸುತ್ತಿದ್ದರು. ಎರಡೂವರೆ ಗಂಟೆಯ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ, ಶ್ರುತಿ ಸುಮಾರು ಶೇ 4 ಮೇಲೇರುತ್ತದೆ, ಹಾರ್ಮೋನಿಯಂ ಲೆಕ್ಕದಲ್ಲಿ ಅರ್ಧ ಮನೆಗೆ ಕೊಂಚ ಕಡಿಮೆ. ನೀವು ಅಂಥದ್ದೊಂದು ಹಳೆಯ ಪ್ರತಿಯನ್ನೇ ಎತ್ತಿ ಹಾಕಿದ್ದೀರಿ. ‘ವಿರಹಾ ನೂರು ನೂರು ತರಹ’ ಹಾಡಿನಲ್ಲಿ ಎಸ್. ಜಾನಕಿಯವರ ದನಿ ತೆಳ್ಳಗಾಗಿ, ಬಸ್ಸು ತಪ್ಪುತ್ತದೆಂಬ ಅವಸರದಲ್ಲಿದೆ. ಜಯಂತಿಯವರ ಮಾಧವಿ ಪಾತ್ರದ ಜೀವವೇ ಆಕೆ ತಡೆದು ನಿಲ್ಲುವ ಗಳಿಗೆಗಳಲ್ಲಿದೆ. ಜಯಂತಿಯವರಿಗೆ ರಾಜ್ಯದ ಅತ್ಯುತ್ತಮ ನಟಿ ಪ್ರಶಸ್ತಿ ಬಂದದ್ದು ಆ ತಡೆತಕ್ಕೆ. ಇದನ್ನು ಸರಿಪಡಿಸಲು ಹೊಸ ಪ್ರಿಂಟ್ ಬೇಡ, ಲ್ಯಾಬ್ ಬೇಡ. ವೇಗವನ್ನು 24ಕ್ಕೆ ಇಳಿಸಿ ಧ್ವನಿಯನ್ನೂ ಜೊತೆಗೇ ಇಳಿಸಿದರೆ ಶ್ರುತಿ ತಾನಾಗಿ ಸ್ವಸ್ಥಾನಕ್ಕೆ ಬರುತ್ತದೆ. ಕೆಲಸ ಬಲ್ಲ ಒಬ್ಬರಿಗೆ ಒಂದು ಮಧ್ಯಾಹ್ನದ ಕೆಲಸ.

‘ಕಸ್ತೂರಿ ನಿವಾಸ’ 1971ರ ಕಪ್ಪುಬಿಳುಪು ಚಿತ್ರ. ನೀವು ಹಾಕಿರುವುದು 2014ರಲ್ಲಿ ಬಣ್ಣ ಹಚ್ಚಿ ಬಿಡುಗಡೆ ಮಾಡಿದ ರೂಪ, ಬರೆದಿರುವುದು ‘ಮೂಲ, 1971’. ಬಣ್ಣದ್ದು ಇಷ್ಟಪಡುವವರು ನೋಡಲಿ, ಚೀಟಿ ಮಾತ್ರ ಸರಿ ಅಂಟಿಸಿ.

ಇನ್ನು ನಿಮ್ಮ ಸಹಾಯವಾಣಿ. ಮೂರನೇ ಕರೆ 41 ನಿಮಿಷ ನಡೆಯಿತು. ಕನ್ನಡಕ್ಕೆ 4 ಒತ್ತಿ ಎಂದರು, ಒತ್ತಿದೆ, ಹಿಂದಿ ಬಂತು. ಹದಿನೆಂಟು ನಿಮಿಷ ಸಂಗೀತ ಕೇಳಿದ ಮೇಲೆ ಕನ್ನಡದವರೊಬ್ಬರು ಸಿಕ್ಕರು. ಆಮೇಲಿನ ಮಾತು ಇದು, ನಿಮ್ಮಲ್ಲಿ ಧ್ವನಿಮುದ್ರಣ ಇದೆಯಲ್ಲ, ಹೋಲಿಸಿ ನೋಡಿ.

“ಸರ್, ಪಿಕ್ಚರ್ ಹೆಸರೇ ಮಿಸ್ ಲೀಲಾವತಿ ಅಲ್ವಾ?”
“ಹೌದು.”
“ಹಂಗಾದ್ರೆ ಆ್ಯಕ್ಟ್ ಮಾಡಿರೋದು ಲೀಲಾವತಿ ಮೇಡಮ್ಮೇ ಅಲ್ವಾ ಸರ್?”
“ಕಿತ್ತೂರು ಚೆನ್ನಮ್ಮ ಚಿತ್ರದಲ್ಲಿ ಚೆನ್ನಮ್ಮನೇ ಆ್ಯಕ್ಟ್ ಮಾಡಿದ್ದಾರೇನು?”
“ಅದು ಚೆಕ್ ಮಾಡಿ ಹೇಳ್ತೀನಿ ಸರ್, ಲೈನಲ್ಲಿರಿ.”

ನಿಜವಾಗಿಯೂ ನಾಲ್ಕು ನಿಮಿಷ ಚೆಕ್ ಮಾಡಿದರು. ಬಂದು, ‘ಕಿತ್ತೂರು ಚೆನ್ನಮ್ಮ’ ನಮ್ಮಲ್ಲಿ ಲಭ್ಯವಿಲ್ಲ ಎಂದರು. ‘ಮಿಸ್ ಲೀಲಾವತಿ’ಯ ಟೈಟಲ್ ಕಾರ್ಡ್ ನೋಡಿ ಎಂದರೆ, ವೀಡಿಯೊ ನೋಡಲು ತಮಗೆ ಅನುಮತಿ ಇಲ್ಲವಂತೆ. ಒನಕೆಯ ವಿಷಯ ಎತ್ತಿದೆ.

“ಒನಕೆ ಅಂದ್ರೆ ಏನ್ ಸರ್? ಸ್ಪೆಲ್ಲಿಂಗ್ ಹೇಳ್ತೀರಾ?”

ಹೇಳಿದೆ. ಅಕ್ಷರ ಅಕ್ಷರವಾಗಿ, ಎರಡು ಸಲ.

“ನಿಮ್ಮ ಇಂಟರ್ನೆಟ್ ಸ್ಪೀಡ್ ಕಮ್ಮಿ ಇದ್ರೆ ಹಂಗಾಗುತ್ತೆ. ರೂಟರ್ ಆಫ್ ಮಾಡಿ ಆನ್ ಮಾಡಿ, ಒನಕೆ ಬರುತ್ತೆ.”

ಕೊನೆಗೆ, ನಟಿಯ ಪುಟ ತಿದ್ದಬೇಕಾದರೆ ದೂರು ನಟಿಯವರ ಸ್ವಂತ ಇ–ಮೇಲ್‌ನಿಂದಲೇ ಬರಬೇಕು, ಒಂದು ಸಲ ಅವರಿಂದ ಮೇಲ್ ಮಾಡಿಸಿ ಎಂದರು. ಜಯಂತಿಯವರು ತೀರಿಕೊಂಡದ್ದು 2021ರ ಜುಲೈ 26ರಂದು. ನಿಮ್ಮ ಪುಟದಲ್ಲಿ ಸರಿಯಾಗಿರುವ ಏಕೈಕ ದಿನಾಂಕ ಅದೇ. ಕರೆ ಇಟ್ಟ ಮರುಕ್ಷಣ ಸಂದೇಶ ಬಂತು: ‘ನಿಮ್ಮ ಆಡಿಯೊ ಸಮಸ್ಯೆ ಬಗೆಹರಿದಿದೆ. ದಯವಿಟ್ಟು 5 ನಕ್ಷತ್ರ ನೀಡಿ.’

ಫೋನೆತ್ತಿದವರನ್ನು ದೂರುತ್ತಿಲ್ಲ. ಅವರ ಮುಂದೆ ನೀವು ಇಟ್ಟಿರುವ ಪರದೆಯಲ್ಲಿ ರೂಟರ್ ಬಿಟ್ಟರೆ ಬೇರೆ ಉತ್ತರವೇ ಇಲ್ಲ.

2021ರ ಐಟಿ ನಿಯಮಗಳ ಪ್ರಕಾರ ನಿಮ್ಮಂಥ ಸೇವೆಗಳು ದೂರಿಗೆ 24 ಗಂಟೆಯಲ್ಲಿ ಸ್ವೀಕೃತಿ, 15 ದಿನದಲ್ಲಿ ತೀರ್ಮಾನ ಕೊಡಬೇಕು. ಇದು ನಿಮ್ಮ ಪುಟದ ಅಡಿಯಲ್ಲೇ ಸಣ್ಣಕ್ಷರದಲ್ಲಿದೆ, ಆ ಭಾಗವನ್ನು ಮಾತ್ರ ಯಾರೂ ಕತ್ತರಿಸಿಲ್ಲ. ನನ್ನ ಮೊದಲ ಇ–ಮೇಲ್ ಕಳಿಸಿ 34 ದಿನ ಆಯಿತು. ‘ಮಿಸ್ ಲೀಲಾವತಿ’ ಜಯಂತಿಯವರ ಪುಟಕ್ಕೆ ಬರಬೇಕು, ಚಿತ್ರಗಳು 1.37ರ ಪೂರ್ಣ ಚೌಕಟ್ಟಿನಲ್ಲಿ, 24ರ ವೇಗದಲ್ಲಿ ಸಿಗಬೇಕು, ‘ಮೂಲ ರೂಪ’ ಎಂಬ ಮಾತು ಅಲ್ಲಿಯವರೆಗೆ ಜಾಹೀರಾತಿನಿಂದ ಹೋಗಬೇಕು. 899 ರೂಪಾಯಿ ವಾಪಸು ಕೊಟ್ಟರೂ ಸರಿ, ಕೊಡದಿದ್ದರೆ ಇನ್ನೂ ಸರಿ.

ಏಕೆಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಬಹುದು, 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಈ ಪತ್ರ ತಲುಪಿದ ಹದಿನಾರನೇ ದಿನ ಸೇವಾ ನ್ಯೂನತೆ ಮತ್ತು ದಾರಿತಪ್ಪಿಸುವ ಜಾಹೀರಾತು ಎರಡಕ್ಕೂ ಸೇರಿಸಿ ದಾವಣಗೆರೆಯ ಜಿಲ್ಲಾ ಆಯೋಗದಲ್ಲಿ ಅರ್ಜಿ ಬೀಳುತ್ತದೆ. ನಿಮ್ಮ ವಕೀಲರು ಇಲ್ಲಿಗೇ ಬರಬೇಕಾಗುತ್ತದೆ. ಸಾಕ್ಷ್ಯವಾಗಿ ಎರಡು ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿಸಿಟ್ಟಿದ್ದೇನೆ, ಒಂದರಲ್ಲಿ ಒನಕೆ ಇದೆ, ನಿಮ್ಮದರಲ್ಲಿ ಇಲ್ಲ. ಪೀಠದ ಮುಂದೆ ಅವರು ರೂಟರ್ ಆಫ್ ಮಾಡಿ ಆನ್ ಮಾಡಿ ತೋರಿಸಲಿ.

ಇತಿ,
ನಿಮ್ಮ ಚಂದಾದಾರ (ಅವಧಿ ಮುಗಿಯುವವರೆಗೆ)
ದಾವಣಗೆರೆ

ಲಗತ್ತು: ಪಾವತಿ ರಸೀದಿ, ಎರಡು ಇ–ಮೇಲ್ ಪ್ರತಿ, ಐದು ನಕ್ಷತ್ರ ಕೇಳಿದ ಸಂದೇಶದ ಚಿತ್ರ.