ಪೊರಕೆ ಪಟ್ಟಿಯಲ್ಲಿ ನಿಮ್ಮ ಮಗನ ಹೆಸರು ಯಾಕಿದೆ?

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಕಳೆದ ವಾರ ಇಬ್ಬರು ತಂದೆಯವರು ಶಾಲೆಗೆ ಬಂದಿದ್ದರು. ಇಬ್ಬರದೂ ಒಂದೇ ದೂರು: "ನಮ್ಮ ಹುಡುಗನ ಕೈಗೆ ಪೊರಕೆ ಕೊಟ್ಟಿದ್ದೀರಂತಲ್ಲ ಮೇಡಂ?" ಹೌದು, ಕೊಟ್ಟಿದ್ದೇವೆ. ಯಾಕೆ ಅಂತ ಎಲ್ಲರಿಗೂ ಒಟ್ಟಿಗೇ ಹೇಳಿಬಿಡೋಣ ಅಂತ ಈ ಪತ್ರ.

ತಪ್ಪು ಮೊದಲು ನನ್ನದೇ. ಇಷ್ಟು ವರ್ಷ ಬೆಳಿಗ್ಗೆ ತರಗತಿ ಗುಡಿಸುತ್ತಿದ್ದವರು ಹೆಣ್ಣುಮಕ್ಕಳು. ಬೆಲ್ ಹೊಡೆಯುವುದು, ಪ್ರಾರ್ಥನೆಗೆ ಮೈಕ್ ಹಿಡಿಯುವುದು ಗಂಡುಮಕ್ಕಳು. ಹೀಗೇ ಆಗಬೇಕು ಅಂತ ಯಾರೂ ಹೇಳಿರಲಿಲ್ಲ, ಸುಮ್ನೆ ನಡೆದುಕೊಂಡು ಬಂದಿತ್ತು. ಜೂನ್‌ನಲ್ಲಿ ಒಂದು ದಿನ ಬಾಗಿಲಲ್ಲಿ ನಿಂತು ನೋಡಿದೆ. ಗುಡಿಸುತ್ತಿದ್ದ ನಾಲ್ಕೂ ಹುಡುಗಿಯರು ಒಂದೇ ಕೇರಿಯವರು. "ಯಾರಮ್ಮ ಹೇಳಿದ್ದು ನಿಮಗೆ?" ಅಂದೆ. "ಯಾರೂ ಇಲ್ಲ ಮಿಸ್, ನಾವೇ ಅಲ್ವಾ ಗುಡಿಸೋದು" ಅಂತ ಐದನೇ ತರಗತಿಯ ಹುಡುಗಿ ನಗುತ್ತಾ ಹೇಳಿದಳು. ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ.

ಅವತ್ತೇ ಪಟ್ಟಿ ಬರೆದೆವು. ಹಾಜರಿ ಪುಸ್ತಕದ ಕ್ರಮದಲ್ಲಿ ದಿನಕ್ಕೆ ನಾಲ್ಕು ಜನ. ಹುಡುಗ, ಹುಡುಗಿ, ಈ ಬೀದಿ, ಆ ಕೇರಿ ಅಂತೇನಿಲ್ಲ. ಶಿಕ್ಷಕರ ಹೆಸರೂ ಇದೆ, ನನ್ನದೂ ಇದೆ. ಅವರವರ ತರಗತಿ ಮಾತ್ರ, ಐದೇ ನಿಮಿಷದ ಕೆಲಸ. ಶೌಚಾಲಯವನ್ನು ಮಾತ್ರ ಯಾವ ಮಗುವಿನ ಕೈಲೂ ತೊಳೆಸುವುದಿಲ್ಲ. ತೊಳೆಸಬಾರದು ಅಂತ ಇಲಾಖೆಯೇ ಹೇಳಿದೆ.

ಇನ್ನು ಬಿಸಿಯೂಟದ ವಿಷಯ. ಮನೆಯಿಂದ ಡಬ್ಬಿ ತರುವುದು ತಪ್ಪಲ್ಲ. ಆದರೆ ಅಡುಗೆಯವರು ಬದಲಾದ ವಾರವೇ ಆರು ಡಬ್ಬಿ ಜಾಸ್ತಿಯಾದರೆ ಕಾರಣ ನನಗೂ ಗೊತ್ತು, ನಿಮಗೂ ಗೊತ್ತು. ಅಂಬೇಡ್ಕರ್ ಅವರು ಸಾತಾರದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಕೂರಬೇಕಿತ್ತು. ಬಾಯಾರಿದರೆ ಜವಾನ ಬಂದು ನೀರು ಹೊಯ್ಯಬೇಕು, ಅವನು ಬರದಿದ್ದರೆ ನೀರಿಲ್ಲ. ಇದನ್ನು ಹನ್ನೊಂದು ಗಂಟೆಗೆ ಪಾಠ ಮಾಡಿ, ಊಟದ ಹೊತ್ತಿಗೆ ಅದೇ ಮಕ್ಕಳನ್ನು ಎರಡು ಸಾಲಾಗಿ ಕೂರಿಸುವುದು ನನ್ನಿಂದಾಗದು. ಅಸ್ಪೃಶ್ಯತೆ ಆಚರಿಸುವಂತಿಲ್ಲ ಅನ್ನುವ ಸಂವಿಧಾನದ 17ನೇ ವಿಧಿ ಅಡುಗೆಕೋಣೆಗೂ ಸೇರಿದ್ದು. ಡಬ್ಬಿ ತಂದವರೂ ಇನ್ನು ಮುಂದೆ ಒಂದೇ ಸಾಲಿನಲ್ಲಿ ಕೂರುತ್ತಾರೆ.

ವಿದ್ಯಾರ್ಥಿವೇತನಕ್ಕೆ "ಎಸ್‌ಸಿ ಮಕ್ಕಳು ಎದ್ದು ನಿಲ್ಲಿ" ಅಂತ ತರಗತಿಯಲ್ಲಿ ಕೂಗುವುದನ್ನೂ ನಿಲ್ಲಿಸಿದ್ದೇವೆ. ಮಕ್ಕಳಿಗೆ ಹೊಡೆಯಬಾರದು ಅನ್ನುವ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್, ಮಾನಸಿಕ ಕಿರುಕುಳವನ್ನೂ ಕೂಡದು ಅನ್ನುತ್ತದೆ. ಎಲ್ಲರೆದುರು ಜಾತಿ ಹೇಳಿ ನಿಲ್ಲಿಸುವುದು ಕಿರುಕುಳ ಅಲ್ಲದೆ ಇನ್ನೇನು? ಜಾತಿ, ಆದಾಯ ಪ್ರಮಾಣಪತ್ರಗಳನ್ನು ನನ್ನ ಕೈಗೇ ತಂದುಕೊಡಿ. ಹಾಗೆಯೇ ವಾಟ್ಸಾಪ್‌ನಲ್ಲಿ ಹೋಂವರ್ಕ್ ಕಳಿಸುವುದಿಲ್ಲ. ಮನೆಗಿರುವ ಒಂದೇ ಫೋನ್ ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ, ಮಗು ರಾತ್ರಿ ತನಕ ಕಾಯಬೇಕು. ಪ್ರಾಜೆಕ್ಟ್‌ಗೆ ಥರ್ಮಾಕೋಲ್ ಕೊಳ್ಳುವುದೂ ಬೇಡ.

ಕೊನೆಯ ಮಾತು ಸ್ವಲ್ಪ ಕಹಿಯಾಗಿದೆ, ಬೇಜಾರು ಮಾಡಿಕೊಳ್ಳಬೇಡಿ. ಎಷ್ಟೋ ಮನೆಗಳಲ್ಲಿ ಅಣ್ಣ ಇಂಗ್ಲಿಷ್ ಮೀಡಿಯಂ ವ್ಯಾನ್ ಹತ್ತುತ್ತಾನೆ, ತಂಗಿ ನಡೆದು ನಮ್ಮ ಶಾಲೆಗೆ ಬರುತ್ತಾಳೆ. ಅವಳು ಬಂದಿದ್ದು ನಮಗೆ ಖುಷಿಯೇ. ಆದರೆ ಏಳನೇ ತರಗತಿ ಮುಗಿದ ಮೇಲೆ ಅವಳ ಟಿಸಿ ಕೇಳಿಕೊಂಡು ಯಾರೂ ಬರುವುದಿಲ್ಲ. ಹೋದ ವರ್ಷದ ಮೂರು ಟಿಸಿ ನನ್ನ ಬೀರುವಿನಲ್ಲೇ ಇವೆ. ಹೈಸ್ಕೂಲ್ ದೂರ ಅನ್ನುತ್ತೀರಿ. ಅದು ನಿಜ. ಹಾಗಿದ್ದರೆ ಬಸ್ ಪಾಸ್ ಮಾಡಿಸೋಣ, ನಾಲ್ಕು ಮನೆಯವರು ಸೇರಿ ಒಟ್ಟಿಗೆ ಕಳಿಸೋಣ. ಮದುವೆ ಮಾತೆತ್ತಿದರೆ ಮಾತ್ರ ನಾನು ಸುಮ್ಮನಿರುವುದಿಲ್ಲ. 18 ತುಂಬುವ ಮೊದಲು ಆಗುವ ಹಾಗಿಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ನಾನೇ ಫೋನ್ ಮಾಡುತ್ತೇನೆ.

ಶನಿವಾರ ಮಧ್ಯಾಹ್ನ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆ ಇದೆ. ತಾಯಂದಿರೂ ಬನ್ನಿ, ಹಿಂದೆ ನಿಲ್ಲಬೇಡಿ, ಕುರ್ಚಿ ಹಾಕಿಸಿರುತ್ತೇನೆ. ದೂರು ತಂದ ಆ ಇಬ್ಬರು ತಂದೆಯವರೂ ಬರಲೇಬೇಕು, ನಮ್ಮ ಮಾತು ಇನ್ನೂ ಮುಗಿದಿಲ್ಲ. ಸೋಮವಾರ ಏಳನೇ ತರಗತಿಯ ಪಟ್ಟಿಯಲ್ಲಿ ನನ್ನ ಹೆಸರಿದೆ. ಹತ್ತು ನಿಮಿಷ ಮೊದಲೇ ಬಂದಿರುತ್ತೇನೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ